ದೇವದುರ್ಗದ ಪರದೆಯ ಮೇಲೆ ಒಂದು ಹೆಚ್ಚಿನ ಕಾಲಮ್

2023ರ ಫೆಬ್ರವರಿ. ಆಗ ನಾನು ರಾಯಚೂರಿನ ಒಂದು ಟ್ರಸ್ಟ್ ಕಣ್ಣಾಸ್ಪತ್ರೆಯಲ್ಲಿ ಸಿಸ್ಟಂ ಇನ್‌ಚಾರ್ಜ್ ಆಗಿದ್ದೆ. ಹುದ್ದೆಯ ಹೆಸರು ಕೇಳಲು ಭಾರ, ಕೆಲಸ ಮಾತ್ರ ಹಗುರವಾದದ್ದೇ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಬಿಡಿಸುವುದು, ಪಾಸ್‌ವರ್ಡ್ ಮರೆತ ಡಾಕ್ಟರಿಗೆ ಹೊಸದು ಮಾಡಿಕೊಡುವುದು, ಕರೆಂಟ್ ಹೋಗಿ ಬಂದ ಮೇಲೆ ಏಳಲೊಲ್ಲದ ಕಂಪ್ಯೂಟರನ್ನು ಎಬ್ಬಿಸುವುದು. ಟೈಪಿಂಗ್ ಕ್ಲಾಸಿನ ಶಿಕ್ಷಕಿಯಾಗಿ ಶುರುಮಾಡಿದವಳು ನಾನು. ಟೈಪ್‌ರೈಟರುಗಳು ಗುಜರಿಗೆ ಹೋದ ಮೇಲೆ ಕಂಪ್ಯೂಟರ್ ಕಲಿತು ಈ ಆಸ್ಪತ್ರೆಗೆ ಸೇರಿ ಹದಿನಾಲ್ಕು ವರ್ಷವಾಗಿತ್ತು. ನನ್ನ ಕೆಲಸದಿಂದ ಯಾರ ಕಣ್ಣಿಗಾದರೂ ಒಳ್ಳೆಯದೋ ಕೆಟ್ಟದ್ದೋ ನೇರವಾಗಿ ಆಗಬಹುದು ಎಂದು ನಾನು ಎಂದೂ ಅಂದುಕೊಂಡಿರಲಿಲ್ಲ. ಅದು ಡಾಕ್ಟರುಗಳ, ನರ್ಸುಗಳ ಪಾಲಿನದು ಎಂದೇ ನನ್ನ ತಿಳಿವಳಿಕೆ. ಆ ತಿಳಿವಳಿಕೆಯನ್ನು ಮುರಿದದ್ದು ಒಂದು ಕಾಲಮ್ಮು.

ಆಸ್ಪತ್ರೆಗೆ ಮಾನ್ವಿಯಲ್ಲೂ ದೇವದುರ್ಗದಲ್ಲೂ ಒಂದೊಂದು ತಪಾಸಣಾ ಕೇಂದ್ರವಿತ್ತು. ಕೇಂದ್ರಕ್ಕೆ ಒಬ್ಬ ನೇತ್ರ ಸಹಾಯಕ, ಒಬ್ಬ ಗುಮಾಸ್ತ, ಒಂದು ಹಳೆಯ ಕಂಪ್ಯೂಟರ್. ಹಳ್ಳಿಗಳಿಂದ ಬಂದವರ ಕಣ್ಣು ಪರೀಕ್ಷಿಸಿ, ಚಿತ್ರ ತೆಗೆದು ರಾಯಚೂರಿಗೆ ಕಳಿಸುತ್ತಿದ್ದರು. ಇಲ್ಲಿಯ ಹಿರಿಯ ಡಾಕ್ಟರು ಅದನ್ನು ನೋಡಿ, ಪೊರೆಯ ಶಸ್ತ್ರಚಿಕಿತ್ಸೆ ಆಗಬೇಕು ಎನಿಸಿದರೆ, ಸಹಿ ಮಾಡಿದ ಅನುಮತಿ ಪತ್ರವನ್ನು ಆಯಾ ಕೇಂದ್ರದ ಫೋಲ್ಡರಿಗೆ ಹಾಕುತ್ತಿದ್ದರು. ರೋಗಿಯ ಹೆಸರು, ಊರು ಎರಡೂ ಫೈಲಿನ ಹೆಸರಿನಲ್ಲೇ ಇರುತ್ತಿದ್ದವು. ಫೋಲ್ಡರಿನಲ್ಲಿ ಫೈಲ್ ಇದ್ದರೆ ಅನುಮತಿ ಸಿಕ್ಕಿದೆ ಎಂದರ್ಥ. ಪತ್ರ ಪ್ರಿಂಟ್ ತೆಗೆದು ಕೊಟ್ಟು, ದಿನ ಗೊತ್ತುಮಾಡಿ ರಾಯಚೂರಿಗೆ ಕಳಿಸಬೇಕು. ಫೈಲ್ ಇಲ್ಲದಿದ್ದರೆ ಇನ್ನೂ ಆಗಿಲ್ಲ. ನಿಯಮ ಇಷ್ಟೇ. ಇಷ್ಟು ಸರಳವಾದದ್ದನ್ನು ಬರೆದಿಡಬೇಕು ಎಂದು ಯಾರಿಗೂ ತೋಚಿರಲಿಲ್ಲ.

ಮೊದಲು ಈ ಪತ್ರಗಳು ಪೆನ್ ಡ್ರೈವಿನಲ್ಲಿ, ಇಮೇಲಿನಲ್ಲಿ ಓಡಾಡುತ್ತಿದ್ದವು. 2022ರ ಜೂನ್‌ನಲ್ಲಿ ನಾನೇ ಮುಂದೆ ನಿಂತು ಕ್ಲೌಡ್ ಸ್ಟೋರೇಜ್ ತಂತ್ರಾಂಶ ಹಾಕಿಸಿದೆ. ಇದರಲ್ಲಿ ಫೈಲುಗಳು ಎಲ್ಲೋ ದೂರದ ದೊಡ್ಡ ಕಂಪ್ಯೂಟರುಗಳಲ್ಲಿ ಇರುತ್ತವೆ. ನಮ್ಮ ಪರದೆಯ ಮೇಲೆ ಅವುಗಳ ಹೆಸರು ಕಾಣುತ್ತದೆ, ತೆರೆದಾಗ ಮಾತ್ರ ಇಂಟರ್ನೆಟ್ಟಿನಿಂದ ಇಳಿದು ಬರುತ್ತವೆ. ದೇವದುರ್ಗದ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ತುಂಬಿಹೋಗುತ್ತಿತ್ತಾದ್ದರಿಂದ ಅಲ್ಲಿ ಇನ್ನೊಂದು ಸೆಟ್ಟಿಂಗ್ ಕೂಡ ಮಾಡಿದ್ದೆ: ಇಳಿದು ಬಂದ ಫೈಲನ್ನು ಮೂವತ್ತು ದಿನ ಯಾರೂ ತೆರೆಯದಿದ್ದರೆ ಅದು ತಾನಾಗಿಯೇ ಡಿಸ್ಕಿನ ಜಾಗ ಖಾಲಿಮಾಡಿ ಮತ್ತೆ ಕ್ಲೌಡಿನಲ್ಲಷ್ಟೇ ಉಳಿಯಬೇಕು. ರಾಯಚೂರಿನಲ್ಲಿ ನನ್ನ ಕುರ್ಚಿಯಿಂದ ಏಳದೆ, ರಿಮೋಟ್ ಮೂಲಕ ಹತ್ತು ನಿಮಿಷದಲ್ಲಿ ಮುಗಿಸಿದ ಕೆಲಸ. ಜಾಣತನ ಮಾಡಿದೆ ಎಂದು ಒಳಗೊಳಗೇ ಖುಷಿಪಟ್ಟಿದ್ದೆ.

ಆ ತಂತ್ರಾಂಶ ತನ್ನ ಪಾಡಿಗೆ ಇನ್ನೊಂದು ಬದಲಾವಣೆ ಮಾಡಿತ್ತು. ಫೈಲುಗಳ ಪಟ್ಟಿ ತೋರಿಸುವ ಕಿಟಕಿಯಲ್ಲಿ, ಹೆಸರಿಗೂ ತಾರೀಖಿಗೂ ನಡುವೆ, 'ಸ್ಟೇಟಸ್' ಎಂಬ ಹೊಸ ಕಾಲಮ್ ತಂದು ಕೂರಿಸಿತ್ತು. ಅದರಲ್ಲಿ ಫೈಲಿಗೊಂದು ಪುಟ್ಟ ಚಿತ್ರ. ಮೋಡದ ಚಿತ್ರವಿದ್ದರೆ ಫೈಲ್ ಕ್ಲೌಡಿನಲ್ಲಿ ಮಾತ್ರ ಇದೆ, ಹಸಿರು ಟಿಕ್ ಇದ್ದರೆ ಈ ಕಂಪ್ಯೂಟರಿಗೂ ಇಳಿದಿದೆ. ಅದಕ್ಕಿಂತ ಹೆಚ್ಚಿನ ಅರ್ಥ ಅದಕ್ಕಿಲ್ಲ. ನನ್ನ ಪರದೆಯ ಮೇಲೂ ಅದು ಎಂಟು ತಿಂಗಳಿನಿಂದ ಇತ್ತು. ನಾನು ಅದರ ಕಡೆ ಗಮನವನ್ನೇ ಕೊಟ್ಟಿರಲಿಲ್ಲ.

ದೂರು ಬಂದದ್ದು ಮಾನ್ವಿಯಿಂದ. ಅಲ್ಲಿಯ ಗುಮಾಸ್ತರಾದ ಖಾಜಾ ಹುಸೇನ್ ಅವರು ಅಕ್ಕಿ ಗಿರಣಿಯಲ್ಲಿ ಇಪ್ಪತ್ತು ವರ್ಷ ದುಡಿದು ನಮ್ಮಲ್ಲಿಗೆ ಬಂದವರು. ಒಂದು ಬೆಳಿಗ್ಗೆ ಫೋನ್ ಮಾಡಿದರು.

"ಮೇಡಂ, ನನ್ನ ಪರದಿ ಮೊದಲೇ ಸಣ್ಣದದ. ಈ ಕಾಲಮ್ ಬಂದು ಹೆಸರೆಲ್ಲ ಅರ್ಧಕ್ಕ ಕಟ್ ಆಗ್ಯಾವ. ಇಷ್ಟು ದಿನ ಹ್ಯಾಂಗರ ನಡಸೀನಿ, ಈಗ ಹುಸೇನಮ್ಮ ಅನ್ನೋರು ಇಬ್ಬರದಾರ, ಊರ ಹೆಸರು ಕಾಣಂಗಿಲ್ಲ. ಯಾರ ಕಾಗದ ಯಾರಿಗಿ ಕೊಡ್ಲಿ ನಾನು?"

"ಅದರಾಗ ಏನು ತೋರಸ್ತದ, ನೋಡೀರೇನು?" ಎಂದೆ.

"ಮೋಡ ತೋರಸ್ತದ್ರಿ. ಮಳಿ ಬರೂ ಹಂಗಿದ್ರ ಇಟ್ಕೋತಿದ್ದೆ."

ನಕ್ಕೆ. ಕಾಲಮ್ಮಿನ ತಲೆಬರಹದ ಮೇಲೆ ಮೌಸಿನ ಬಲಗುಂಡಿ ಒತ್ತಿ, ಬರುವ ಪಟ್ಟಿಯಲ್ಲಿ 'ಸ್ಟೇಟಸ್' ಮುಂದಿನ ಗುರುತು ತೆಗೆಯಿರಿ ಎಂದು ಫೋನಿನಲ್ಲೇ ಹೇಳಿಕೊಟ್ಟೆ. ಹೋಯಿತು ಎಂದರು. ಅರ್ಧ ಗಂಟೆಯಲ್ಲಿ ಮತ್ತೆ ಫೋನ್: ಬೇರೆ ಫೋಲ್ಡರ್ ತೆರೆದರೆ ಮತ್ತೆ ಬಂದು ಕೂತಿದೆ. ಅದು ಹಾಗೆಯೇ. ಒಂದು ಫೋಲ್ಡರಿನಲ್ಲಿ ತೆಗೆದರೆ ಆ ಫೋಲ್ಡರಿಗಷ್ಟೇ ಅನ್ವಯ. ಪೂರ್ತಿ ತೆಗೆಯಬೇಕಾದರೆ ರಿಜಿಸ್ಟ್ರಿಗೆ ಕೈಹಾಕಬೇಕು. ರಿಜಿಸ್ಟ್ರಿ ಎಂದರೆ ಕಂಪ್ಯೂಟರ್ ತನ್ನ ನಡವಳಿಕೆಯನ್ನೆಲ್ಲ ಬರೆದಿಟ್ಟುಕೊಂಡಿರುವ ದೊಡ್ಡ ದಫ್ತರ. ಕ್ಲೌಡ್ ಫೋಲ್ಡರುಗಳಲ್ಲಿ ಯಾವ ಯಾವ ಕಾಲಮ್ ತೋರಿಸಬೇಕು ಎಂಬ ಪಟ್ಟಿ ಅದರಲ್ಲಿರುತ್ತದೆ. ಆ ಪಟ್ಟಿಯಿಂದ ಒಂದು ಪದ ಅಳಿಸಿದರೆ ಕಾಲಮ್ ಮತ್ತೆ ಬರುವುದಿಲ್ಲ. ತಪ್ಪು ಪದ ಅಳಿಸಿದರೆ ಇನ್ನೇನೋ ಕೆಡುತ್ತದೆ. ಅದನ್ನು ಫೋನಿನಲ್ಲಿ ಮಾಡಿಸುವ ಧೈರ್ಯ ನನಗಿಲ್ಲ.

ಬುಧವಾರ ಬಸ್ಸು ಹಿಡಿದು ಮಾನ್ವಿಗೆ ಹೋದೆ. ಹದಿನೈದು ನಿಮಿಷದ ಕೆಲಸ. ಹೆಸರು, ಊರು ಪೂರ್ತಿ ಕಾಣಿಸಿದಾಗ ಖಾಜಾ ಹುಸೇನ್ ಅವರು ಚಹಾ ತರಿಸಿದರು. ದೇವದುರ್ಗದಲ್ಲೂ ಅದೇ ಹಳೆಯ ಪರದೆ, ಅದೇ ತೊಂದರೆ ಇರಲೇಬೇಕು, ಆದರೆ ಅಲ್ಲಿಂದ ಒಂದು ದೂರೂ ಬಂದಿಲ್ಲವಲ್ಲ ಎಂಬುದು ಚಹಾ ಕುಡಿಯುವಾಗ ನೆನಪಾಯಿತು. ಅಲ್ಲಿ ಗುಮಾಸ್ತೆಯಾಗಿದ್ದವಳು ಸಂಕೋಚದ ಹುಡುಗಿ, ಹೇಳಿಕೊಂಡಿರಲಿಕ್ಕಿಲ್ಲ ಅಂದುಕೊಂಡೆ. ಕೇಳದಿದ್ದರೂ ಮಾಡಿಕೊಡೋಣ ಎಂದು ಮರುದಿನ ದೇವದುರ್ಗದ ಬಸ್ಸು ಹತ್ತಿದೆ.

ಆ ಹುಡುಗಿಯ ಹೆಸರು ರೇಣುಕಾ. ಇಪ್ಪತ್ತಾರು ಇಪ್ಪತ್ತೇಳು ವಯಸ್ಸು. ತಂದೆ ತಾಯಿ ಕೂಲಿಯವರು, ಮನೆತನದಲ್ಲೇ ಮೇಜಿನ ಮುಂದೆ ಕೂರುವ ಕೆಲಸ ಸಿಕ್ಕ ಮೊದಲನೆಯವಳು ಇವಳು. ಕ್ಲೌಡ್ ತಂತ್ರಾಂಶ ಬಂದ ವಾರದಲ್ಲೇ ಇವಳೂ ಕೆಲಸಕ್ಕೆ ಬಂದಿದ್ದಳು. ಹಿಂದಿನ ಗುಮಾಸ್ತ ಬಿಟ್ಟು ಹೋಗುವ ಮುನ್ನ ಅರ್ಧ ದಿನ ಕಲಿಸಿಕೊಟ್ಟಿದ್ದ, ಅಷ್ಟೇ. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಉದ್ದನೆಯ ನೋಟ್‌ಬುಕ್ಕು, ಒಂದು ದಿನವೂ ತಡವಾಗಿ ಬಂದವಳಲ್ಲ ಎಂದು ಎಲ್ಲರೂ ಹೇಳುತ್ತಿದ್ದರು.

ನಾನು ಹೋದಾಗ ಬೆಂಚಿನ ಮೇಲೆ ಹತ್ತು ಹನ್ನೊಂದು ಜನ ಕೂತಿದ್ದರು. ಅವರದು ಮುಗಿಯಲಿ ಎಂದು ನಾನು ಪಕ್ಕದಲ್ಲಿ ನಿಂತೆ. ಒಬ್ಬ ಮುದುಕಿ ಗೋಡೆ ಹಿಡಿದುಕೊಂಡು ಮುಂದೆ ಬಂದರು.

"ಹನುಮವ್ವ ಅಂತ್ರಿ. ಅರಕೇರಾ."

ರೇಣುಕಾ ಪರದೆಯ ಮೇಲೆ ಬೆರಳಿಟ್ಟು ಮೇಲಿಂದ ಕೆಳಕ್ಕೆ ಇಳಿಸಿದಳು. ಒಂದು ಕಡೆ ಬೆರಳು ನಿಂತಿತು. "ಇನ್ನೂ ಆಗಿಲ್ಲ ಯವ್ವಾ. ಸೋಮವಾರ ಬಿಟ್ಟು ಮುಂದಿನ ಸೋಮವಾರ ಬಾ" ಎಂದಳು. ಧ್ವನಿಯಲ್ಲಿ ಒರಟುತನವಿರಲಿಲ್ಲ. ಮುದುಕಿ ತಲೆಯಾಡಿಸಿ, ಬಂದ ಹಾಗೆಯೇ ಗೋಡೆ ಹಿಡಿದುಕೊಂಡು ಹೊರಟರು. ಬೆರಳು ನಿಂತದ್ದು ಯಾಕೆ ಎಂದು ನನಗೆ ಆಗ ಹೊಳೆಯಲಿಲ್ಲ.

ರೇಣುಕಾ ಎದ್ದು ನನಗೆ ಕುರ್ಚಿ ಕೊಟ್ಟಳು. ಮಾನ್ವಿಯಲ್ಲಿ ಮಾಡಿದ ಹಾಗೆಯೇ ಮೊದಲು ಆ ಫೋಲ್ಡರಿನಲ್ಲಿ ಕಾಲಮ್ ತೆಗೆದೆ. ಹೆಸರುಗಳೆಲ್ಲ ಅಗಲವಾಗಿ ಹರಡಿಕೊಂಡವು. ನೋಡು, ಈಗ ಎಷ್ಟು ಚೆಂದ ಕಾಣ್ತದ ಎಂದು ಹೇಳುವವಳಿದ್ದೆ. ಅವಳು ಮೇಜಿನ ಅಂಚು ಹಿಡಿದುಕೊಂಡಿದ್ದಳು.

"ಮೇಡಂ, ಅದನ್ನ ತೆಗಿಬ್ಯಾಡ್ರಿ."

"ಯಾಕ?"

"ಅದನ್ನ ನೋಡೇ ಅಲ್ರಿ ನಾ ಜನಕ್ಕ ಹೇಳೂದು. ಅದಿಲ್ಲಂದ್ರ ಯಾರದು ಆಗ್ಯಾದ, ಯಾರದು ಆಗಿಲ್ಲ ಹ್ಯಾಂಗ ತಿಳೀಬೇಕು?"

ನನಗೆ ಅರ್ಥವಾಗಲಿಲ್ಲ. ಅಥವಾ ಅರ್ಥವಾಗುವುದನ್ನು ಮನಸ್ಸು ಒಂದು ಕ್ಷಣ ತಡೆದು ನಿಲ್ಲಿಸಿತೋ ಏನೋ. ನಿಧಾನವಾಗಿ ಕೇಳಿದೆ: "ಏನು ನೋಡಿ ಹೇಳ್ತಿ?"

"ಸ್ಟೇಟಸ್ ರಿ. ಹಸಿರು ಟಿಕ್ ಬಂದ್ರ ಡಾಕ್ಟರ್ ಓಕೆ ಮಾಡ್ಯಾರ ಅಂತ. ಮೋಡ ಇದ್ರ ಇನ್ನೂ ಆಗಿಲ್ಲ ಅಂತ. ಮೊದಲಿದ್ದ ಸರ್ ಹೇಳಿ ಹೋಗ್ಯಾರಲ್ರಿ, ಸ್ಟೇಟಸ್ ನೋಡಿ ಹೇಳಬೇಕು ಅಂತ."

ಹಿಂದಿನ ಗುಮಾಸ್ತ 'ಸ್ಟೇಟಸ್ ನೋಡು' ಎಂದದ್ದು ಫೈಲ್ ಬಂದಿದೆಯೋ ಇಲ್ಲವೋ ನೋಡು ಎಂಬ ಅರ್ಥದಲ್ಲಿ. ಅದೇ ವಾರ ತಂತ್ರಾಂಶ 'ಸ್ಟೇಟಸ್' ಎಂದೇ ಬರೆದ ಕಾಲಮ್ ಒಂದನ್ನು ಇವಳ ಕಣ್ಣ ಮುಂದೆ ತಂದಿಟ್ಟಿತ್ತು. ಹೊಸಬಳು ಇನ್ನೇನು ತಿಳಿಯಬೇಕು.

ಕಾಲಮ್ಮನ್ನು ವಾಪಸ್ ತಂದೆ. ಪರದೆಯ ತುಂಬ ಮೋಡಗಳು. ಅಲ್ಲಲ್ಲಿ ಹಸಿರು ಟಿಕ್. ಹನುಮವ್ವ, ಅರಕೇರಾ ಎಂಬ ಸಾಲು ಹುಡುಕಿದೆ. ಅದು ಅಲ್ಲೇ ಇತ್ತು. ಅದರ ಮುಂದೆ ಮೋಡ. ಎರಡು ಸಲ ಒತ್ತಿದೆ. ಮೋಡ ಹೋಗಿ ತಿರುಗುವ ಬಾಣಗಳು ಬಂದವು, ಪತ್ರ ತೆರೆಯಿತು. ಡಾಕ್ಟರ ಸಹಿ. ಮುಚ್ಚಿದೆ. ಹನುಮವ್ವನ ಹೆಸರಿನ ಮುಂದೆ ಈಗ ಹಸಿರು ಟಿಕ್.

ರೇಣುಕಾಳ ಮುಖ ಅರಳಿತು. "ಆತಲ್ರಿ ಈಗ. ಡಾಕ್ಟರ್ ಈಗ ಓಕೆ ಮಾಡಿದ್ರೇನ್ರಿ?"

ನಾನು ಪತ್ರವನ್ನು ಮತ್ತೆ ತೆರೆದು ಸಹಿಯ ಕೆಳಗಿನ ತಾರೀಖಿನ ಮೇಲೆ ಬೆರಳಿಟ್ಟೆ. ಅದು ಹಿಂದಿನ ವರ್ಷದ ಅಕ್ಟೋಬರ್ ತಿಂಗಳದು. ಅವಳು ಓದಿದಳು. ಮತ್ತೆ ಓದಿದಳು. "ಇನ್ನೊಂದು ತಗದು ನೋಡ್ರಿ" ಎಂದಳು. ತೆರೆದೆ. ಮೋಡ, ಬಾಣ, ಟಿಕ್. ಪತ್ರದ ಮೇಲೆ ಆಗಸ್ಟ್ ತಿಂಗಳ ತಾರೀಖು. ಮೂರನೆಯದು. ನಾಲ್ಕನೆಯದನ್ನು ಒತ್ತುವ ಮೊದಲೇ ಅವಳು "ಸಾಕ್ರಿ" ಎಂದಳು. ಮರುಕ್ಷಣ ಬಾಗಿಲು ದಾಟಿ ಬಸ್ ಸ್ಟ್ಯಾಂಡಿನ ಕಡೆ ಓಡುತ್ತಿದ್ದಳು. ಮೇಜಿನ ಕೆಳಗೆ ಅವಳ ಚಪ್ಪಲಿ ಹಾಗೆಯೇ ಬಿದ್ದಿದ್ದವು.

ಹನುಮವ್ವನನ್ನು ಬಸ್ಸಿನ ಮೆಟ್ಟಿಲಿನಿಂದ ಇಳಿಸಿಕೊಂಡು ಬಂದಳು. ಕುರ್ಚಿಯ ಮೇಲೆ ಕೂರಿಸಿ ನೀರು ಕೊಟ್ಟು, "ನಿಂದು ಆಗ್ಯಾದ ಯವ್ವಾ" ಎಂದಳು. ಮುದುಕಿಗೆ ನಂಬಿಕೆ ಬರಲಿಲ್ಲ. ಈಗ ಇಲ್ಲ ಅಂದಿದ್ದಿ, ಈಗ ಅದ ಅಂತಿ, ಎಂದಿನಿಂದ ಅದ ಎಂದು ಕೇಳಿದರು. ರೇಣುಕಾ ನನ್ನ ಕಡೆ ನೋಡಿದಳು. ನಾನು ಪತ್ರ ಪ್ರಿಂಟ್ ತೆಗೆದು ಮುದುಕಿಯ ಕೈಗಿತ್ತೆ.

ಬೆಂಚು ಖಾಲಿಯಾದ ಮೇಲೆ ಇಬ್ಬರೂ ಅವಳ ನೋಟ್‌ಬುಕ್ಕನ್ನು ಎದುರಿಗಿಟ್ಟುಕೊಂಡು ಕೂತೆವು. ಅವಳು ಪ್ರತಿಯೊಬ್ಬರ ಹೆಸರು, ಬಂದ ದಿನ, ತಾನು ಹೇಳಿ ಕಳಿಸಿದ ಮಾತು ಎಲ್ಲವನ್ನೂ ಬರೆದಿದ್ದಳು. ಎಂಟು ತಿಂಗಳಲ್ಲಿ ಅರವತ್ತಮೂರು ಅನುಮತಿ ಪತ್ರ ಬಂದಿದ್ದವು. ರಾಯಚೂರು ಮುಟ್ಟಿದವರು ಇಪ್ಪತ್ತೆರಡು ಜನ. ಉಳಿದ ನಲವತ್ತೊಂದು ಜನ ಒಂದು ಸಲ, ಎರಡು ಸಲ, ಕೆಲವರು ಐದು ಸಲ ಬಂದು ಹೋಗಿದ್ದರು. ಅಷ್ಟೂ ಸಲ ಅವರ ಪತ್ರ ಅದೇ ಪರದೆಯ ಮೇಲೆ, ಅದೇ ಸಾಲಿನಲ್ಲಿ ಇತ್ತು.

ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿದ್ದು ಆ ಸಂಖ್ಯೆ ಅಲ್ಲ. ಟಿಕ್ ಬಂದ ಇಪ್ಪತ್ತೆರಡು ಜನರಿಗೆ ಟಿಕ್ ಬಂದದ್ದಾದರೂ ಹೇಗೆ ಎಂಬ ಪ್ರಶ್ನೆ ನನಗೆ ಎದ್ದಿತು. ಫೈಲನ್ನು ಈ ಕಂಪ್ಯೂಟರಿನಲ್ಲಿ ಯಾರಾದರೂ ತೆರೆಯದೆ ಟಿಕ್ ಬರುವುದಿಲ್ಲ. ಮೋಡ ಇರುವುದನ್ನು ಇವಳು ತೆರೆಯುತ್ತಿರಲಿಲ್ಲ. ಹಾಗಾದರೆ?

"ಕೆಲವರದು ರಾಯಚೂರಿನಿಂದ ಫೋನ್ ಮಾಡಿ ಏನಾರ ಕೇಳತಿದ್ರು, ಆವಾಗ ತೆಗಿತಿದ್ದೆ" ಎಂದಳು ರೇಣುಕಾ. "ಇನ್ನ ಕೆಲವರು ಜೋರು ಮಾಡೋರು. ಇಲ್ಲ ಅಂದ್ರ ಕೇಳತಿದ್ದಿಲ್ಲ. ತಗದು ತೋರ್ಸು, ನನ್ನ ಕಣ್ಣೀಲೆ ನೋಡ್ತೀನಿ ಅಂತಿದ್ರು. ತಗದ್ರ ಕಾಗದ ಇರ್ತಿತ್ತು, ಟಿಕ್ಕೂ ಬರ್ತಿತ್ತು."

"ನಿನಗ ಅನುಮಾನ ಬರಲಿಲ್ಲೇನು?"

"ಮ್ಯಾಲಿಂದ ಯಾರೋ ಡಾಕ್ಟರಿಗಿ ಫೋನ್ ಹಚ್ಚಿರಬೇಕು ಅನ್ಕೋತಿದ್ದೆ ಮೇಡಂ. ಅಂಥವರ ಕೆಲಸ ಎಲ್ಲಾ ಕಡಿ ಹಂಗ ಆಗ್ತದಲ್ರಿ."

ಅವಳು ಅದನ್ನು ದೂರಿನಂತೆ ಹೇಳಲಿಲ್ಲ, ಗೊತ್ತಿದ್ದ ಸಂಗತಿಯಂತೆ ಹೇಳಿದಳು. ನಾನು ಆ ಇಪ್ಪತ್ತೆರಡು ಹೆಸರುಗಳನ್ನು ಮತ್ತೆ ಓದಿದೆ. ಹೆಚ್ಚಿನವರು ಪಟ್ಟಣದವರು. ಅಂಗಡಿಯವರ ತಂದೆ, ನಿವೃತ್ತ ನೌಕರ, ಪಂಚಾಯ್ತಿ ಸದಸ್ಯರ ತಾಯಿ. ನಲವತ್ತೊಂದರ ಪಟ್ಟಿಯಲ್ಲಿದ್ದವರು ಒಣಭೂಮಿಯ ಹಳ್ಳಿಗಳವರು. ಒಮ್ಮೆ ಇಲ್ಲ ಎಂದರೆ ಎದ್ದು ಹೋಗುವವರು. ಜೋರು ಮಾಡಿದವರಿಗೆ ಕಣ್ಣು, ಸುಮ್ಮನಿದ್ದವರಿಗೆ ಮೋಡ. ಯಾರೂ ಹಾಗೆಂದು ತೀರ್ಮಾನಿಸಿರಲಿಲ್ಲ. ಆದರೆ ಎಂಟು ತಿಂಗಳು ನಮ್ಮ ಕೇಂದ್ರದಲ್ಲಿ ನಡೆದದ್ದು ಅದೇ. ಮತ್ತು ಲೋಕ ಮೊದಲೇ ಹಾಗಿದೆಯಾದ್ದರಿಂದ ಅದು ಅವಳಿಗೆ ತಪ್ಪಾಗಿ ಕಾಣಲೇ ಇಲ್ಲ.

"ನಮ್ಮ ದೊಡ್ಡವ್ವಂದೂ ಮೋಡ ಅದ ಮೇಡಂ" ಎಂದಳು ಆಮೇಲೆ. "ನಾಕು ತಿಂಗಳಾತು. ನಾ ಇಲ್ಲಿ ಕುಂತೀನಿ ಅಂತ ಆಕಿಂದು ಮುಂದ ಮಾಡಿಸಬಾರದು ಅಂತ ಕೇಳಲೇ ಇಲ್ಲ."

ನೋಟ್‌ಬುಕ್ಕಿನ ಆರು ಹೆಸರುಗಳ ಮುಂದೆ ಕೆಂಪು ಶಾಯಿಯಲ್ಲಿ 'ರದ್ದು' ಎಂದು ಬರೆದಿತ್ತು. ಅದೇನೆಂದು ಕೇಳಿದೆ. ಮೊದಲು ಟಿಕ್ ಇದ್ದು, ಒಂದು ತಿಂಗಳ ಮೇಲೆ ನೋಡಿದರೆ ಮತ್ತೆ ಮೋಡ ಆಗಿರುತ್ತಿತ್ತಂತೆ. ಡಾಕ್ಟರು ಅನುಮತಿ ಹಿಂದಕ್ಕೆ ತೆಗೆದುಕೊಂಡಿದ್ದಾರೆ ಎಂದು ತಿಳಿದು, ಬಂದವರಿಗೆ ರದ್ದಾಗಿದೆ ಎಂದು ಹೇಳಿ ಕಳಿಸಿದ್ದಳು.

ಮೂವತ್ತು ದಿನ ಮುಟ್ಟದ ಫೈಲು ಡಿಸ್ಕಿನ ಜಾಗ ಬಿಡಬೇಕು. ಅದು ನನ್ನ ಸೆಟ್ಟಿಂಗ್. ಅವಳಿಗೆ ಹೇಳಿದೆ: "ಈ ಆರು ಮಂದಿನ್ನ ರದ್ದು ಮಾಡಿದ್ದು ಡಾಕ್ಟರ್ ಅಲ್ಲ, ನೀನೂ ಅಲ್ಲ. ನಾನು."

ಅಲ್ಲಿಂದಲೇ ರಾಯಚೂರಿನ ಹಿರಿಯ ಡಾಕ್ಟರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು. ಕೊನೆಗೆ "ಎಲ್ಲರನ್ನೂ ಕರೀರಿ. ಕಣ್ಣು ಕೆಂಪಾಗಿದ್ದವರು, ತಲೆನೋವು ಅನ್ನೋರು ಮೊದಲು" ಎಂದಷ್ಟೇ ಹೇಳಿದರು. ಹಲವರು ಕೊಟ್ಟಿದ್ದ ಫೋನ್ ನಂಬರು ಬಂದ್ ಆಗಿದ್ದವು. ಮುಂದಿನ ಮೂರು ದಿನ ರೇಣುಕಾ, ಕೇಂದ್ರದ ನೇತ್ರ ಸಹಾಯಕ ಬಸವರಾಜ ಮತ್ತು ನಾನು ಆಸ್ಪತ್ರೆಯ ಜೀಪಿನಲ್ಲಿ ಹಳ್ಳಿ ಹಳ್ಳಿ ತಿರುಗಿದೆವು. ಪ್ರತಿ ಮನೆಯ ಮುಂದೆಯೂ ರೇಣುಕಾಳೇ ಮೊದಲು ಇಳಿಯುತ್ತಿದ್ದಳು. ನಾನು ಹೇಳುತ್ತೇನೆ ಎಂದರೂ ಕೇಳಲಿಲ್ಲ. "ಇಲ್ಲ ಅಂತ ಹೇಳಿದಾಕಿ ನಾನು. ಅದ ಅಂತ ನಾನೇ ಹೇಳ್ತೀನಿ" ಎನ್ನುತ್ತಿದ್ದಳು. ಒಂದು ಮನೆಯಲ್ಲಿ ಸೊಸೆಯೊಬ್ಬಳು ಬಾಗಿಲಲ್ಲೇ ನಿಲ್ಲಿಸಿ ಬೈದಳು. ಉಳಿದ ಕಡೆ ಯಾರೂ ಬೈಯಲಿಲ್ಲ, ಕುಡಿಯಲು ನೀರು ಕೊಟ್ಟರು. ಬೈದದ್ದೇ ನಮಗೆ ಹಗುರವೆನಿಸಿತು.

ಸೋಮವಾರ ರಾಯಚೂರಿನಲ್ಲಿ ಸಭೆ. ಆಡಳಿತಾಧಿಕಾರಿಗಳು ಕಡತ ಮುಚ್ಚಿ, ಆ ಹುಡುಗಿಯನ್ನು ಕೆಲಸದಿಂದ ಬಿಡಿಸಿ ಎಂದರು. ಅಷ್ಟರಲ್ಲಿ ನನಗೆ ನವೆಂಬರಿನ ಸಭೆ ನೆನಪಾಯಿತು. ದೇವದುರ್ಗದಿಂದ ಶಸ್ತ್ರಚಿಕಿತ್ಸೆಗೆ ಬರುವವರು ಕಡಿಮೆ ಎಂಬುದು ಆಗಲೇ ಚರ್ಚೆಗೆ ಬಂದಿತ್ತು. ಜನರಲ್ಲಿ ತಿಳಿವಳಿಕೆ ಇಲ್ಲ, ಭಯ, ದುಡಿಯಲು ಊರು ಬಿಟ್ಟು ಹೋಗುತ್ತಾರೆ ಎಂದು ಎಲ್ಲರೂ ಹೇಳಿದ್ದರು. ನಾನೂ ತಲೆಯಾಡಿಸಿದ್ದೆ. ಸಾಲದ್ದಕ್ಕೆ 'ಶಸ್ತ್ರಚಿಕಿತ್ಸೆಗೆ ಹೆದರಬೇಡಿ' ಎಂಬ ಪೋಸ್ಟರನ್ನು ನಾನೇ ನನ್ನ ಕಂಪ್ಯೂಟರಿನಲ್ಲಿ ತಯಾರಿಸಿ ಕಳಿಸಿದ್ದೆ. ದೇವದುರ್ಗದ ಬೆಂಚಿನ ಮೇಲಿನ ಗೋಡೆಗೆ ಅದು ಅಂಟಿಕೊಂಡಿತ್ತು. ಹೆದರದೆ ಐದೈದು ಸಲ ಬಂದವರು ಅದರ ಕೆಳಗೆ ಕೂತು, ಇಲ್ಲ ಅನ್ನಿಸಿಕೊಂಡು ಎದ್ದು ಹೋಗಿದ್ದರು.

ನಾನು ಎದ್ದು ನಿಂತೆ. ತಂತ್ರಾಂಶ ಹಾಕಿದ್ದು ನಾನು, ಕಾಲಮ್ಮಿನ ಅರ್ಥ ಹೇಳದೆ ಬಿಟ್ಟದ್ದು ನಾನು, ಮೂವತ್ತು ದಿನದ ಸೆಟ್ಟಿಂಗ್ ನನ್ನದು, ಎಂಟು ತಿಂಗಳಲ್ಲಿ ಒಂದು ಸಲವೂ ಅಲ್ಲಿಗೆ ಹೋಗದಿದ್ದದ್ದೂ ನಾನೇ ಎಂದೆ. ಬಿಡಿಸುವುದಾದರೆ ನನ್ನನ್ನು ಬಿಡಿಸಬೇಕು ಎಂದು ಬರೆದೂ ಕೊಟ್ಟೆ. ಡಾಕ್ಟರು ಒಂದೇ ಮಾತು ಹೇಳಿದರು: "ಆ ಹುಡುಗಿ ಬರೆದಿಟ್ಟ ಪುಸ್ತಕ ಇರದಿದ್ದರೆ ಇವತ್ತು ನಮಗೆ ಒಬ್ಬರೂ ಸಿಗುತ್ತಿರಲಿಲ್ಲ." ರೇಣುಕಾ ಉಳಿದಳು. ನನಗೆ ಎಚ್ಚರಿಕೆ ಪತ್ರ ಬಂತು. ಅದು ನ್ಯಾಯವಾಗಿತ್ತು.

ಅದೇ ವಾರ ದೇವದುರ್ಗಕ್ಕೆ ಮತ್ತೆ ಹೋಗಿ, ಮೂವತ್ತು ದಿನದ ಸೆಟ್ಟಿಂಗ್ ತೆಗೆದು, ಇಡೀ ಫೋಲ್ಡರ್ ಸದಾ ಆ ಕಂಪ್ಯೂಟರಿನಲ್ಲೇ ಇರುವಂತೆ ಮಾಡಿದೆ. ನಿಯಮವನ್ನು ದಪ್ಪ ಅಕ್ಷರದಲ್ಲಿ ಬರೆದು ಮೇಜಿಗೆ ಅಂಟಿಸಿದೆ: ಹೆಸರು ಇದ್ದರೆ ಅನುಮತಿ ಇದೆ. ರಿಜಿಸ್ಟ್ರಿ ತೆರೆದು ಆ ಪದವನ್ನು ಅಳಿಸುವಾಗ ರೇಣುಕಾ ಪಕ್ಕದಲ್ಲಿ ನಿಂತು ಪ್ರತಿ ಅಕ್ಷರ ನೋಡಿದಳು. ಕಾಲಮ್ ಹೋದ ಮೇಲೆ ಒಂದೊಂದೇ ಫೋಲ್ಡರ್ ತೆರೆದು, ಎಲ್ಲಿಯೂ ಉಳಿದಿಲ್ಲ ಎಂದು ತಾನೇ ಖಾತ್ರಿ ಮಾಡಿಕೊಂಡಳು.

ಮಾರ್ಚ್ ಮುಗಿಯುವುದರೊಳಗೆ ಇಪ್ಪತ್ತೊಂಬತ್ತು ಜನರ ಶಸ್ತ್ರಚಿಕಿತ್ಸೆ ಆಯಿತು, ಹನುಮವ್ವನದೂ ರೇಣುಕಾಳ ದೊಡ್ಡವ್ವನದೂ ಸೇರಿ. ದುಡಿಯಲು ಹೋಗಿದ್ದ ಏಳು ಜನ ಯುಗಾದಿಗೆ ಊರಿಗೆ ಬಂದಾಗ ಸಿಕ್ಕರು. ಇಬ್ಬರು ಬೇರೆ ಕಡೆ ಮಾಡಿಸಿಕೊಂಡಿದ್ದರು. ಇಬ್ಬರು ಕೊನೆಗೂ ಸಿಗಲಿಲ್ಲ, ಅವರ ಹೆಸರು ನನಗೆ ಇವತ್ತಿಗೂ ಬಾಯಿಪಾಠ.

ಉಳಿದ ಒಬ್ಬರು ತಿಮ್ಮಯ್ಯ. ಅರಕೇರಾ ಕಡೆಯವರು, ಹತ್ತಿ ಬಿಡಿಸುವ ಕೂಲಿ, ಅರವತ್ತರ ಆಸುಪಾಸು. ಆರು 'ರದ್ದು'ಗಳಲ್ಲಿ ಅವರದೊಂದು. ಸೆಪ್ಟೆಂಬರಿನಲ್ಲಿ ಟಿಕ್ ಬಂದಿತ್ತು, ಕೇಂದ್ರದಿಂದ ಬರಲು ಹೇಳಿ ಕಳಿಸಿದ್ದರು. ಹತ್ತಿಯ ಕೆಲಸ ಮುಗಿಸಿಕೊಂಡು ನವೆಂಬರಿನಲ್ಲಿ ಬರುವಷ್ಟರಲ್ಲಿ ಟಿಕ್ ಮೋಡವಾಗಿತ್ತು. ರದ್ದಾಗಿದೆ ಎಂದು ಕೇಳಿ ಹಿಂದಿರುಗಿದರು. ಡಿಸೆಂಬರಿನಲ್ಲಿ ಬಲಗಣ್ಣಿನ ಪೊರೆ ಅತಿಯಾಗಿ ಬಲಿತು, ಕಣ್ಣಿನೊಳಗಿನ ಒತ್ತಡ ಏರಿ, ನೋವು ತಲೆಗೆ ಹತ್ತಿತ್ತು. ಅಂಗಡಿಯ ಮಾತ್ರೆ ನುಂಗಿ ತಡೆದುಕೊಂಡರು. ನಾವು ಕರೆತಂದಾಗ ಆ ಕಣ್ಣಿನ ನರ ಸತ್ತುಹೋಗಿತ್ತು. ಡಾಕ್ಟರು ಎಡಗಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿದರು, ಅದು ಉಳಿಯಿತು.

ಪಟ್ಟಿ ಬಿಚ್ಚಿದ ದಿನ ನಾನು ವಾರ್ಡಿಗೆ ಹೋದೆ. ಹಾಸಿಗೆಯ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, ನಡೆದದ್ದನ್ನೆಲ್ಲ ಹೇಳಿದೆ. ರದ್ದು ಮಾಡಿದ್ದು ಡಾಕ್ಟರಲ್ಲ, ಕಂಪ್ಯೂಟರಿನಲ್ಲಿ ನಾನು ಮಾಡಿಟ್ಟಿದ್ದ ಒಂದು ಏರ್ಪಾಡು, ತಪ್ಪು ನನ್ನದು ಎಂದೆ. ಅವರು ಬೈಯಬಹುದು ಅಂದುಕೊಂಡಿದ್ದೆ. ಅಳಬಹುದು ಅಂದುಕೊಂಡಿದ್ದೆ. ಅವರು ಉಳಿದ ಒಂದು ಕಣ್ಣಿನಿಂದ ನನ್ನನ್ನು ನೋಡಿದರು.

"ಹಂಗೇನ್ರೀ ಯವ್ವಾ" ಎಂದರು. "ನಾ ಬರಾಕ ತಡಾ ಮಾಡೀನಿ, ಅದಕ್ಕ ಸಿಟ್ಟಾಗಿ ರದ್ದು ಮಾಡ್ಯಾರ ಅನ್ಕೊಂಡಿದ್ದೆ. ತಪ್ಪು ನಂದೇ ಅಂತ ಮನ್ಯಾಗೂ ಹೇಳೀನಿ."

ಎರಡು ತಿಂಗಳಿಗೂ ಹೆಚ್ಚು ಕಾಲ ಅವರು ಆ ನೋವನ್ನು ತಮ್ಮದೇ ತಪ್ಪಿನ ಶಿಕ್ಷೆ ಎಂದು ತಡೆದುಕೊಂಡಿದ್ದರು. ನೋವು ಹೆಚ್ಚಾದಾಗಲೂ ಕೇಂದ್ರಕ್ಕೆ ಮತ್ತೆ ಬಂದು ಕೇಳದಿದ್ದದ್ದು ಅದಕ್ಕೇ.

ಹೋದ ವರ್ಷ ನಿವೃತ್ತಳಾದೆ. ಈಗಲೂ ಸಣ್ಣಪುಟ್ಟ ಕಚೇರಿಗಳವರು ಕಂಪ್ಯೂಟರಿಗಾಗಿ ಕರೆಯುತ್ತಾರೆ, ಹೋಗುತ್ತೇನೆ. ಆದರೆ ಕುರ್ಚಿ ಕೊಟ್ಟ ಕೂಡಲೇ ಕೂರುವುದಿಲ್ಲ. ಒಂದು ದಿನ ಪೂರ್ತಿ ಮೇಜಿನ ಹಿಂದೆ ನಿಂತು ನೋಡುತ್ತೇನೆ. ಪರದೆಯ ಮೇಲಿನ ಒಂದೊಂದು ಗುರುತನ್ನೂ ತೋರಿಸಿ, ಇದನ್ನ ನೋಡಿ ನೀವು ಜನಕ್ಕ ಏನಂತ ಹೇಳ್ತೀರಿ ಎಂದು ಕೇಳುತ್ತೇನೆ. ನನ್ನ ವೃತ್ತಿ ನನಗೆ ಕಲಿಸಿದ್ದು ಈ ಒಂದು ಪ್ರಶ್ನೆಯನ್ನು, ಅದೂ ಒಬ್ಬರ ಕಣ್ಣು ಹೋದ ಮೇಲೆ. ಕೇಳಿದಾಗ ಹೆಚ್ಚಿನವರು ನಗುತ್ತಾರೆ, ಇದೇನು ಕೇಳೂದು ಎನ್ನುತ್ತಾರೆ. ಆಮೇಲೆ ಹೇಳುತ್ತಾರೆ. ಆ ಉತ್ತರ ಕೇಳಿ ಒಂದೊಂದು ಸಲ ಕಂಪ್ಯೂಟರನ್ನು ಬಿಟ್ಟು, ಇಲ್ಲ ಎಂದು ಹೇಳಿ ಕಳಿಸಿದವರ ಹೆಸರು ಎಲ್ಲಾದರೂ ಬರೆದಿಟ್ಟಿದ್ದೀರಾ ಎಂದು ಮೊದಲು ಕೇಳುತ್ತೇನೆ.